ಇನ್ನೂರೆಂಟನೇ ಪುಟದ ಆಚೆ

ಮಾರ್ಚ್ 3

ಕೊಡೆ ಕಾರ್ಖಾನೆಯ ಮೇಸ್ತ್ರಿಗಳಾದ ನನ್ನ ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಪೊಟ್ಟಣ ಬಿಚ್ಚುವಾಗ ಒಳಗೆ ತಿಂಡಿ ಇದೆಯೆಂದು ಆಸೆಪಟ್ಟಿರುತ್ತೀಯ. ಇಲ್ಲ. ಪುಸ್ತಕವಿದೆ. ಅದೂ ನಾನು ಬರೆದದ್ದು. ಮುಖ ಸಣ್ಣದು ಮಾಡಿಕೊಳ್ಳಬೇಡ.

ಮೂವತ್ತೊಂದು ವರ್ಷ ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕುಳಿತು, ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ತಡ ಎಂದು ಮೈಕಿನಲ್ಲಿ ಹೇಳಿದವಳು ನಾನು. ಅಷ್ಟು ವರ್ಷ ಊರೆಲ್ಲ ನನ್ನ ಮಾತು ಕೇಳಿತು, ಆದರೆ ಅದರಲ್ಲಿ ಒಂದು ಮಾತೂ ನನ್ನದಲ್ಲ. ನಿವೃತ್ತಿಯಾದ ಮೇಲೆ ನನ್ನ ಮಾತು ಬರೆಯೋಣವೆಂದು ಕುಳಿತೆ. ಬರೆದದ್ದನ್ನು ನಾಲ್ಕು ಪ್ರಕಾಶಕರು ಹಿಂದಕ್ಕೆ ಕಳಿಸಿದರು. ಮೂವರು ಓದದೆ ಕಳಿಸಿದರು, ಒಬ್ಬರು ಓದಿ ಕಳಿಸಿದರು. ಓದಿದವರ ಮೇಲೆಯೇ ನನಗೆ ಸಿಟ್ಟು ಹೆಚ್ಚು. ಕೊನೆಗೆ ನಾನೇ ಅಚ್ಚು ಹಾಕಿಸಿದೆ. ಐನೂರು ಪ್ರತಿ, ಎಲ್ಲವೂ ಮಂಚದ ಕೆಳಗಿವೆ. "ಗ್ರಂಥಾಲಯದ ಮೇಲೆ ಮಲಗೋ ಭಾಗ್ಯ ಯಾರಿಗುಂಟು ಯಾರಿಗಿಲ್ಲ" ಎಂದು ನಿಮ್ಮಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಮನುಷ್ಯ ಇನ್ನೂ ಹತ್ತನೇ ಪುಟ ದಾಟಿಲ್ಲ.

ನಿನಗೆ ಕಳಿಸಿರುವುದು ಮೊಟ್ಟಮೊದಲ ಪ್ರತಿ. ಮುದ್ರಣಾಲಯದಲ್ಲಿ ನನ್ನೆದುರಿಗೇ ಹೊಲಿದು, ರಟ್ಟು ಅಂಟಿಸಿ, ಬಿಸಿಬಿಸಿಯಾಗಿ ಕೈಗೆ ಕೊಟ್ಟರು. ಅದನ್ನು ನಿಮ್ಮಣ್ಣನಿಗೂ ಕೊಡದೆ ನಿನಗೆಂದು ತೆಗೆದಿಟ್ಟೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಆ ಮನೆಯಲ್ಲಿ ನನ್ನ ಕಥೆ ಕೇಳುತ್ತಿದ್ದವನು ನೀನೊಬ್ಬನೇ ತಾನೇ.

ಕಥೆ ಏನೆಂದರೆ, ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬಳು ಗುಮಾಸ್ತೆ. ಯಾರೂ ಕೇಳಿಕೊಂಡು ಬರದ ಒಂದು ಪೆಟ್ಟಿಗೆ. ಅದರ ಯಜಮಾನನನ್ನು ಹುಡುಕಿಕೊಂಡು ಅವಳು ಹೊರಡುತ್ತಾಳೆ. ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಕೊನೆಯ ಅಧ್ಯಾಯದಲ್ಲಷ್ಟೇ ತಿಳಿಯುತ್ತದೆ. ಆ ಅಧ್ಯಾಯಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದೆ. ಉಳಿದದ್ದನ್ನು ಹೇಗಾದರೂ ಸಹಿಸಿಕೋ, ಕೊನೆಯದು ಹೇಗಿದೆ ಎಂದು ಮಾತ್ರ ಬರಿ. ಫೋನಿನಲ್ಲಿ ಬೇಡ. ಫೋನಿನಲ್ಲಾದರೆ ನಿಮ್ಮಣ್ಣ ಪಕ್ಕದಲ್ಲಿ ನಿಂತು ನನ್ನ ಪರವಾಗಿ ಉತ್ತರ ಕೊಡುತ್ತಾರೆ.

ಬರುವ ಭಾನುವಾರ ಸಭಾಂಗಣದಲ್ಲಿ ಪುಸ್ತಕ ಓದುತ್ತೇನೆ. ಐವತ್ತು ಕುರ್ಚಿ ಹೇಳಿದ್ದೇವೆ. ನನ್ನ ವಾರಗಿತ್ತಿಗೆ ನೆನಪು ಹೇಳು.

ಅತ್ತಿಗೆ


ಮಾರ್ಚ್ 15

ಅತ್ತಿಗೆಗೆ ನಮಸ್ಕಾರ.

ತಿಂಡಿಯಿಲ್ಲದ ಪೊಟ್ಟಣ ತಲುಪಿತು. ನಿಜ ಹೇಳುತ್ತೇನೆ, ಮೊದಲು ತಳದವರೆಗೂ ತಡಕಿದೆ. ಆಮೇಲೆ ಮೊದಲ ಹಾಳೆಯಲ್ಲಿ ನೀವು ಬರೆದದ್ದು ಕಂಡಿತು: "ನನ್ನ ಕಥೆಯನ್ನು ಮೊದಲು ಕೇಳಿದವನಿಗೆ, ಮೊದಲ ಪ್ರತಿ." ನಿಮ್ಮ ವಾರಗಿತ್ತಿ ನನ್ನ ಮುಖ ನೋಡಿ "ಯಾಕ್ರೀ, ಯಾರಿಗೇನಾಯ್ತು?" ಎಂದು ಗಾಬರಿಯಾದಳು. ಇಷ್ಟು ದೊಡ್ಡ ಮರ್ಯಾದೆ ನನಗೆ ಇದುವರೆಗೆ ಯಾರೂ ಮಾಡಿಲ್ಲ ಅತ್ತಿಗೆ.

ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ನನಗೆ ಕಣ್ಣು ಎಳೆಯುತ್ತದೆ, ನಿಮಗೆ ಗೊತ್ತಿದ್ದದ್ದೇ. ಹಾಗಾಗಿ ಕಾರ್ಖಾನೆಗೆ ಒಯ್ದೆ. ನಮ್ಮ ಹೊಲಿಗೆ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಸುತ್ತ ಹನ್ನೊಂದು ಜನ. ಕೊಡೆಯ ಬಟ್ಟೆಯನ್ನು ಒಂದೊಂದು ಕಡ್ಡಿಗೂ ಕೈಸೂಜಿಯಿಂದ ಹೊಲಿದು ಬಿಗಿಯುವುದು ಅವರ ಕೆಲಸ. ಕೈ ತಾನಾಗಿ ಓಡುತ್ತಿರುತ್ತದೆ, ಕಿವಿ ಖಾಲಿ. ರೇಡಿಯೊ ಕೆಟ್ಟು ತಿಂಗಳಾಯಿತು. ಹೊತ್ತು ಹೋಗದೆ ಒಬ್ಬರನ್ನೊಬ್ಬರು ಬಯ್ದುಕೊಳ್ಳುವುದಕ್ಕೆ ಶುರು ಮಾಡಿದ್ದರು. ಊಟವಾದ ಮೇಲೆ ಮೊದಲ ಅಧ್ಯಾಯವನ್ನು ಜೋರಾಗಿ ಓದಿದೆ. ಮೇಸ್ತ್ರಿಯೇ ಓದಲು ನಿಂತರೆ ಬೇಡ ಅನ್ನುವ ಧೈರ್ಯ ಯಾರಿಗಿದೆ?

ಅರ್ಧ ಗಂಟೆ ಸಾಕೆಂದು ಪುಸ್ತಕ ಮುಚ್ಚಿದೆ. ಮೇಜಿನ ಆ ತುದಿಯಿಂದ "ಆಮೇಲೆ?" ಎಂದು ಒಂದು ದನಿ ಬಂತು. ನೋಡಿದರೆ ಗುಂಡಿಯವರು! ಮಡಚಿದ ಕೊಡೆಗೆ ಸುತ್ತುವ ಪಟ್ಟಿಗೆ ಗುಂಡಿ ಹೊಲಿಯುವವರು, ಅದಕ್ಕೇ ಎಲ್ಲರ ಬಾಯಲ್ಲೂ ಗುಂಡಿಯವರು. ವಯಸ್ಸಾದ ಹೆಂಗಸು, ನನಗಿಂತ ಬಹಳ ದೊಡ್ಡವರು. ಹತ್ತು ವರ್ಷದಲ್ಲಿ ನನ್ನ ಜೊತೆ ಹತ್ತು ಮಾತು ಆಡಿದ್ದರೆ ಹೆಚ್ಚು.

ಈಗ ದಿನಾ ಅರ್ಧ ಗಂಟೆ ಓದು. ಮನೆಯಲ್ಲಿ ಮುಂದಿನ ಪುಟ ಕದ್ದು ನೋಡಬಾರದೆಂದು ಎಲ್ಲರೂ ಸೇರಿ ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ಪುಸ್ತಕ ಕಾರ್ಖಾನೆಯ ಕಪಾಟಿನಲ್ಲೇ ಇರುತ್ತದೆ, ಬೀಗದ ಕೈ ಗುಂಡಿಯವರ ಸೊಂಟದಲ್ಲಿ.

ಸಭೆ ಹೇಗಾಯಿತು?

ನಿಮ್ಮ ಮೈದುನ


ಮಾರ್ಚ್ 24

ಮೇಸ್ತ್ರಿಗಳೇ,

ಸಭೆ ಭರ್ಜರಿಯಾಗಿ ನಡೆಯಿತು. ಹೂವು, ಮೈಕು, ಕಾಫಿ, ಒಂದಕ್ಕೂ ಕೊರತೆಯಿಲ್ಲ. ನಿಮ್ಮಣ್ಣ ಲೆಕ್ಕದ ಮೇಷ್ಟ್ರಾಗಿದ್ದವರಲ್ಲವೇ, ಬಂದವರನ್ನು ಎಣಿಸಲು ಬಾಗಿಲಲ್ಲೇ ನಿಂತಿದ್ದರು. ಎಷ್ಟು ಜನ ಎಂದು ಮಾತ್ರ ಕೇಳಬೇಡ, ದೃಷ್ಟಿಯಾದೀತು.

ಒಂದೇ ಒಂದು ಎಡವಟ್ಟಾಯಿತು. ಮೈಕು ಕಂಡ ಕೂಡಲೇ ನನ್ನ ಬಾಯಿಂದ "ಪ್ರಯಾಣಿಕರ ಗಮನಕ್ಕೆ" ಎಂದು ಬಂದುಬಿಟ್ಟಿತು. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ಚೀಲ ಎತ್ತಿಕೊಂಡು ಎದ್ದು ನಿಂತರು. ಆಮೇಲೆ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಓದಿದೆನಂತೆ, ಅಭ್ಯಾಸಬಲ. "ಮೊದಲನೇ ಅಧ್ಯಾಯಕ್ಕೆ ಒಂದು ಗಂಟೆ ಹತ್ತು ನಿಮಿಷ ತಡ ಮಾಡಿದೆ" ಎಂದರು ನಿಮ್ಮಣ್ಣ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸುಳ್ಳೇಕೆ, ಐದು ಸಲ. ಕೈಗೆ ಕೆಲಸವಿದ್ದಾಗ ಕಿವಿ ಖಾಲಿ ಎಂಬ ನಿನ್ನ ಮಾತು ನನಗೆ ಹಿಡಿಸಿತು. ಸಭಾಂಗಣಕ್ಕೆ ಜನರನ್ನು ಕರೆಯುವುದು ಬಿಟ್ಟೆ. ಇನ್ನು ಜನ ಎಲ್ಲಿ ಕಟ್ಟಿಹಾಕಿದಂತೆ ಕುಳಿತಿರುತ್ತಾರೋ ಅಲ್ಲಿಗೆ ನಾನೇ ಹೋಗುತ್ತೇನೆ. ಪಟ್ಟಿ ಮಾಡಿದ್ದೇನೆ.

ಗುಂಡಿಯವರಿಗೆ ನಮಸ್ಕಾರ ತಿಳಿಸು. ಪುಟ ಎಷ್ಟಾಯಿತು?

ಅತ್ತಿಗೆ


ಏಪ್ರಿಲ್ 6

ಅತ್ತಿಗೆಗೆ ನಮಸ್ಕಾರ.

ನೂರ ಇಪ್ಪತ್ತನೇ ಪುಟ. ನಿಮ್ಮ ಗುಮಾಸ್ತೆ ಈಗ ನಮ್ಮ ಗುಮಾಸ್ತೆ. ಬೆಳಿಗ್ಗೆ ಬಂದವರು ಒಬ್ಬರಿಗೊಬ್ಬರು "ಅವಳಿಗೆ ಆ ಊರಲ್ಲಿ ಉಳಿಯೋಕೆ ಜಾಗ ಸಿಗುತ್ತಾ?" ಎಂದು ಕೇಳಿಕೊಳ್ಳುತ್ತಾರೆ. ಮೇಲಿನ ಕಚೇರಿಯವರೊಬ್ಬರು ಬಂದಿದ್ದಾಗ ಇದನ್ನು ಕೇಳಿಸಿಕೊಂಡು, ಕೆಲಸ ಬಿಟ್ಟ ಯಾರದೋ ವಿಚಾರ ಎಂದುಕೊಂಡು "ಪಾಪ, ಸಂಬಳ ಬಾಕಿ ಏನಾದ್ರೂ ಇದೆಯಾ?" ಎಂದರು.

ಪೆಟ್ಟಿಗೆಯಲ್ಲಿ ಏನಿದೆ ಎಂಬ ವಿಚಾರಕ್ಕೆ ಮೇಜು ಎರಡು ಪಕ್ಷವಾಗಿದೆ. ಕಿಟಕಿ ಬದಿಯವರು ಬಟ್ಟೆ ಅನ್ನುತ್ತಾರೆ, ಗೋಡೆ ಬದಿಯವರು ಕದ್ದ ಮಾಲು ಅನ್ನುತ್ತಾರೆ. ಗುಂಡಿಯವರು ಯಾರ ಕಡೆಯೂ ಇಲ್ಲ. "ಒಳಗೆ ಏನಿದ್ರೇನು? ಅವಳು ಯಾಕೆ ಇಷ್ಟು ಒದ್ದಾಡ್ತಾಳೆ ಅದನ್ನ ನೋಡಿ" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಮೊನ್ನೆ ಹೊತ್ತಾಯಿತೆಂದು ನಾನು ಒಂದು ಪ್ಯಾರಾ ಹಾರಿಸಿದೆ. "ಮೇಸ್ತ್ರಿ, ಈಗ ಮೆಟ್ಟಿಲ ಕೆಳಗಿದ್ಲು, ಮೇಲೆ ಹೇಗೆ ಬಂದ್ಲು?" ಎಂದು ಹಿಡಿದುಹಾಕಿದರು. ಹಿಂದಕ್ಕೆ ಹೋಗಿ ಓದಿದೆ.

ನಿಮ್ಮ ಪಟ್ಟಿಯ ಕಥೆ ಹೇಳಿ.

ಮೈದುನ


ಏಪ್ರಿಲ್ 14

ಮೇಸ್ತ್ರಿಗಳೇ,

ಪಟ್ಟಿಯ ಕಥೆ ಕೇಳು.

ಮೊದಲು ಹಲ್ಲಿನ ವೈದ್ಯರ ಹೊರಕೋಣೆ. ಹೆದರಿ ಕುಳಿತವರಿಗೆ ಕಥೆ ಬೇಕಾಗುತ್ತದೆ ಎಂದು ನನ್ನ ಎಣಿಕೆ. ಗುಮಾಸ್ತೆ ಕತ್ತಲ ಕೋಣೆಯಲ್ಲಿ ಪೆಟ್ಟಿಗೆ ಮುಟ್ಟುವ ಜಾಗಕ್ಕೆ ಬರುವುದಕ್ಕೂ ಒಳಗಿನಿಂದ ಯಾರೋ ಚೀರುವುದಕ್ಕೂ ಸರಿಹೋಯಿತು. ಇಬ್ಬರು ಎದ್ದು ಹೋದರು. ಪುಸ್ತಕಕ್ಕೆ ಹೆದರಿದರೋ ಹಲ್ಲಿಗೋ, ತಿಳಿಯಲಿಲ್ಲ.

ಆಮೇಲೆ ದುಡ್ಡು ಕೊಟ್ಟು ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿ. ಯಂತ್ರ ನಿಲ್ಲಲು ನಲವತ್ತು ನಿಮಿಷ, ಬಟ್ಟೆ ಬಿಟ್ಟು ಯಾರೂ ಓಡಲಾರರು. ಆದರೆ ಅದು ನೀರು ಹಿಂಡುವಾಗ ಗಾಡಿಯೇ ಬಂದಂತೆ ಸದ್ದು. ನಾನು ಸೋಲುವವಳೇ? ದನಿ ಏರಿಸಿದೆ. ಅಂಗಡಿಯವರು ಬಂದು ಕೈಮುಗಿದು "ಅಮ್ಮಾ, ಹಿಂದಿನ ಬೀದೀಲಿ ಕೂಸು ಎದ್ದುಬಿಡ್ತಂತೆ" ಎಂದರು.

ಮನೆ ಕಂದಾಯ ಕಟ್ಟುವ ಸಾಲು ಮಾತ್ರ ನನ್ನ ಕೈ ಹಿಡಿಯಿತು. ಸಾಲಿನ ಪಕ್ಕದಲ್ಲೇ ನಿಂತು ಓದಿದೆ, ಸಾಲು ಮುಂದೆ ಹೋದಂತೆ ನಾನೂ ಹೋದೆ. ಒಬ್ಬರು ತಮ್ಮ ಸರದಿ ಬಂದರೂ ಹೋಗದೆ ಮೂರು ಜನರನ್ನು ಮುಂದೆ ಬಿಟ್ಟರು, ಅಧ್ಯಾಯ ಮುಗಿಯಲಿ ಎಂದು. ಅವರ ಕೈಗೆ ಒಂದು ಪ್ರತಿ ಸುಮ್ಮನೆ ಇಟ್ಟು ಬಂದೆ. ಆ ದಿನ ಮನೆಗೆ ನಡೆದು ಬಂದದ್ದೇ ಗೊತ್ತಾಗಲಿಲ್ಲ.

ಈಗ ಹೊಸದು, ಫೋನಿನಲ್ಲಿ ಓದು. ಸಂಜೆ ಐದರಿಂದ ಆರರೊಳಗೆ ಈ ಸಂಖ್ಯೆಗೆ ಕರೆ ಮಾಡಿದರೆ ಲೇಖಕಿಯೇ ಒಂದು ಪುಟ ಓದಿ ಹೇಳುತ್ತಾರೆ ಎಂದು ಅಂಗಡಿಗಳಲ್ಲಿ ಚೀಟಿ ಅಂಟಿಸಿದೆವು. ಮೊದಲ ಕರೆ ಬಂತು. ನಾನು "ಹಲೋ" ಎಂದದ್ದೇ ತಡ, "ಓ, ನೀವಾ! ಆರೂವರೆ ಗಾಡಿ ಎಷ್ಟು ಲೇಟು ಹೇಳಿ" ಎಂದರು.

ಒಟ್ಟಿನಲ್ಲಿ ಪುಸ್ತಕ ಚೆನ್ನಾಗಿ ಓಡುತ್ತಿದೆ. ಎಷ್ಟು ಎಂದು ಕೇಳಬೇಡ.

ನಿನ್ನ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಕೊನೆಯ ಅಧ್ಯಾಯ ಹತ್ತಿರ ಬಂದಿರಬೇಕು. ಕಾದಿದ್ದೇನೆ.

ಅತ್ತಿಗೆ


ಏಪ್ರಿಲ್ 29

ಅತ್ತಿಗೆಗೆ ನಮಸ್ಕಾರ.

ಪುಸ್ತಕ ಮುಗಿಯಿತು. ಎಲ್ಲರಿಗೂ ಸಂತೋಷವಾಯಿತು. ಇಲ್ಲಿ ಬಿಸಿಲು ಜಾಸ್ತಿ. ಹೊಸದಾಗಿ ಬಂದ ಕೊಡೆ ಬಟ್ಟೆ ಬಣ್ಣ ಬಿಡುತ್ತಿದೆ, ಎಲ್ಲರ ಬೆರಳೂ ನೀಲಿ. ನಿಮ್ಮ ವಾರಗಿತ್ತಿ ಕ್ಷೇಮ. ಅಣ್ಣನ ಮಂಡಿನೋವು ಹೇಗಿದೆ?

ಅಂದ ಹಾಗೆ, ಕೊನೆಯ ಅಧ್ಯಾಯ ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಸ್ವಲ್ಪ ವಿವರವಾಗಿ ಬರೆಯಿರಿ.

ಮೈದುನ


ಮೇ 6

ಪ್ರೀತಿಯ ಮೈದುನನಿಗೆ,

ನೂರ ಇಪ್ಪತ್ತನೇ ಪುಟದ ಬಗ್ಗೆ ಎರಡು ಹಾಳೆ ತುಂಬಿಸಿದವನು, ಕೊನೆಯ ಅಧ್ಯಾಯಕ್ಕೆ ಬಂದಾಗ ಬಿಸಿಲಿನ ಬಗ್ಗೆ ಬರೆಯುತ್ತೀಯ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನ್ನನ್ನೇ ಕೇಳುತ್ತೀಯ. ಓದಿದವನು ನೀನಲ್ಲವೇನೋ? ನಿನಗೆ ಹಿಡಿಸಿಲ್ಲ. ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ. ಸುಳ್ಳು ಹೇಳುವುದು ನಿನ್ನ ಕೈಲಾಗದ ಕೆಲಸ, ಅದಕ್ಕೇ ಅಣ್ಣನ ಮಂಡಿ ನೆನಪಾಯಿತು.

ನಾನೂ ಇನ್ನು ನಾಟಕ ಮಾಡುವುದಿಲ್ಲ. ಸಭೆಗೆ ಬಂದವರು ಆರು ಜನ. ಅದರಲ್ಲಿ ಇಬ್ಬರು ಮುಂದಿನ ಕಾರ್ಯಕ್ರಮಕ್ಕೆ ಬೇಗ ಬಂದವರು, ಒಬ್ಬರು ಕುರ್ಚಿ ಬಾಡಿಗೆಯವರು. ನಾಲ್ಕು ಕುರ್ಚಿಗಳಲ್ಲಿ ನಿಮ್ಮಣ್ಣ ಸರದಿಯ ಮೇಲೆ ಕುಳಿತು ಬೇರೆ ಬೇರೆ ಕಡೆಯಿಂದ ಚಪ್ಪಾಳೆ ತಟ್ಟಿದರು. ಇದುವರೆಗೆ ಮಾರಾಟವಾದದ್ದು ಒಂಬತ್ತು. ಆ ಒಂಬತ್ತು ಮನೆಗಳಲ್ಲಿ ಒಬ್ಬರೂ ಕೊನೆಯವರೆಗೆ ಓದಿದ್ದೇನೆ ಎಂದು ಹೇಳಿಲ್ಲ. ಕಂದಾಯದ ಸಾಲಿನವರು ದಾರಿಯಲ್ಲಿ ಸಿಕ್ಕರು, ಬಸ್ಸಿನಲ್ಲಿ ಮರೆತುಬಿಟ್ಟರಂತೆ.

ನನಗೆ ಹೊಗಳಿಕೆ ಬೇಡ. ನಾನು ಹೇಳಿದ್ದನ್ನು ಯಾರಾದರೂ ಒಬ್ಬರು ಕೊನೆಯವರೆಗೆ ಕೇಳಿ, ಅರ್ಥವಾಯಿತು ಅಂದರೆ ಸಾಕಿತ್ತು. ಬರುವ ಒಂದನೇ ತಾರೀಖಿಗೆ ರದ್ದಿಯವನಿಗೆ ಬರಹೇಳಿದ್ದೇನೆ. ನಿಮ್ಮ ಮೇಜಿನವರು ಕೊನೆ ಕೇಳಿ ಏನೆಂದರು? ಕೆಟ್ಟದಾಗಿದ್ದರೂ ಬರಿ. ಅದನ್ನು ನೋಡಿ ಅವನಿಗೆ ಬಾ ಅನ್ನುವುದೋ ಬೇಡ ಅನ್ನುವುದೋ ತೀರ್ಮಾನಿಸುತ್ತೇನೆ.

ಅತ್ತಿಗೆ


ಮೇ 11

ಅತ್ತಿಗೆ,

ರದ್ದಿಯವನಿಗೆ ಬೇಡ ಅನ್ನಿ! ಇಂದೇ ಅನ್ನಿ!

ಕೊನೆ ಕೇಳಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕಿಟಕಿ ಬದಿಯವರೂ ತಟ್ಟಿದರು, ಗೋಡೆ ಬದಿಯವರೂ ತಟ್ಟಿದರು. ಕೊಡೆಗೆ ಹಿಡಿ ಜೋಡಿಸುವ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಇಂಥ ಕೊನೆ ನಾವು ಎಣಿಸಿರಲೇ ಇಲ್ಲ" ಎಂದರು. ಇದು ನೂರಕ್ಕೆ ನೂರು ಸತ್ಯ, ನಿಮ್ಮಾಣೆ. ಮೊದಲೇ ಬರೆಯದೆ ಇದ್ದದ್ದು ನನ್ನ ಸೋಮಾರಿತನ.

ಮೈದುನ


ಮೇ 17

ನನ್ನ ಚಿನ್ನದಂಥ ಮೈದುನನಿಗೆ,

ರದ್ದಿಯವನು ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದ. ಅವನಿಗೆ ನಿಮ್ಮಣ್ಣನ ಹಳೆಯ ಪತ್ರಿಕೆಗಳನ್ನೆಲ್ಲ ತುಂಬಿ ಕಳಿಸಿದೆ. ನಿಮ್ಮಣ್ಣ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಬಿಡಲಿ.

ಎದ್ದು ನಿಂತರೇ? ಕಣ್ಣೊರೆಸಿಕೊಂಡಳೇ? ಆ ಅಧ್ಯಾಯ ಅಷ್ಟು ತಣ್ಣಗಿದೆ, ಯಾರಿಗೂ ತಟ್ಟುವುದಿಲ್ಲವೇನೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಈಗ ಅಳುಕಿಲ್ಲ. ಒಂದು ತೀರ್ಮಾನ ಮಾಡಿದ್ದೇನೆ. ಇಪ್ಪತ್ತೆಂಟಕ್ಕೆ ನಾನೇ ಬರುತ್ತೇನೆ. ಆ ಮೇಜಿನ ಮುಂದೆ ನಿಂತು ಕೊನೆಯ ಅಧ್ಯಾಯವನ್ನು ನನ್ನ ಬಾಯಿಂದಲೇ ಓದುತ್ತೇನೆ. ಇನ್ನೊಮ್ಮೆ ಕೇಳಲು ಅವರಿಗೆ ಬೇಸರವಿಲ್ಲ ತಾನೇ? ಟಿಕೆಟ್ ಆಗಿದೆ.

ಇಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ ಕಣೋ.

ಅತ್ತಿಗೆ


ಮೇ 21

ಅತ್ತಿಗೆಗೆ ನಮಸ್ಕಾರ.

ಕುಳಿತುಕೊಂಡು ಓದಿ. ಅಣ್ಣನನ್ನು ಆಚೆ ಕಳಿಸಿ.

ಫೋನ್ ಮಾಡಲು ಮೂರು ಸಲ ಕೈಯೆತ್ತಿದೆ, ಮೂರು ಸಲವೂ ಇಟ್ಟೆ. "ಬರೆದುಬಿಡ್ರೀ, ಅಕ್ಕ ಏನು ನಿಮ್ಮನ್ನ ನುಂಗಿಬಿಡ್ತಾರಾ?" ಎಂದು ನಿಮ್ಮ ವಾರಗಿತ್ತಿ ತಿಂಗಳಿಂದ ಪೀಡಿಸುತ್ತಿದ್ದಾಳೆ. ನುಂಗಿದರೂ ಸರಿ.

ನೀವು ಕಳಿಸಿದ ಮೊದಲ ಪ್ರತಿಯಲ್ಲಿ ಕೊನೆಯ ಹದಿನಾರು ಪುಟಗಳೇ ಇಲ್ಲ. ಇನ್ನೂರೆಂಟನೇ ಪುಟದ ಕೊನೆಯ ಸಾಲಿನಲ್ಲಿ ಗುಮಾಸ್ತೆ ಯಜಮಾನನ ಬಾಗಿಲ ಮುಂದೆ ಪೆಟ್ಟಿಗೆ ಇಳಿಸಿ, ಅದರ ಚಿಲಕಕ್ಕೆ ಕೈ ಹಾಕಿ... ಅಷ್ಟೇ. ಅದರ ಮುಂದೆ ರಟ್ಟು. ಬಿಸಿಬಿಸಿಯಾಗಿ ಹೊಲಿಯುವ ಅವಸರದಲ್ಲಿ ಕೊನೆಯ ಕಂತೆ ಸೇರಿಸುವುದನ್ನೇ ಮರೆತಿದ್ದಾರೆ. ಮೊದಲೇ ತಿರುವಿ ನೋಡಿದ್ದರೆ ತಿಳಿಯುತ್ತಿತ್ತು, ನೋಡಬಾರದೆಂದು ಭಾಷೆ ಕೊಟ್ಟಿದ್ದೆನಲ್ಲ.

ಹನ್ನೊಂದು ಜನ ಸೂಜಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಮೊದಲ ದಿನದಿಂದ "ನಮ್ಮತ್ತಿಗೆ ನನಗೇ ಅಂತ ಕಳಿಸಿದ ಮೊದಲ ಪ್ರತಿ" ಎಂದು ಕೊಚ್ಚಿಕೊಂಡವನು ನಾನು. ಅದು ಕುಂಟುಪ್ರತಿ ಎಂದು ನಿಮ್ಮ ಮಾನ ಹೇಗೆ ಕಳೆಯಲಿ? ಪುಟ ಮಗುಚಿದವನಂತೆ ಮಾಡಿ, ಖಾಲಿ ರಟ್ಟು ನೋಡುತ್ತ ಬಾಯಿಗೆ ಬಂದದ್ದನ್ನು ಓದಿದೆ. ಪೆಟ್ಟಿಗೆಯ ತುಂಬ ಚಪ್ಪಲಿ, ಎಲ್ಲವೂ ಎಡಗಾಲಿನದು. ಯಜಮಾನ ಚಪ್ಪಲಿ ಕಂಪನಿಯ ಮಾರಾಟಗಾರ. ಮಾದರಿ ತೋರಿಸಲು ಎಡಗಾಲಿನದನ್ನು ಮಾತ್ರ ಒಯ್ಯುತ್ತಾನೆ, ಕದ್ದರೂ ಯಾರಿಗೂ ಉಪಯೋಗವಿಲ್ಲವೆಂದು. ಬಾಗಿಲು ತೆರೆದವನ ಕೈಯಲ್ಲಿ ಬಲಗಾಲಿನ ಜೋಡು. ಗುಮಾಸ್ತೆಯ ಕಾಲಿಗೆ ಸರಿಹೋಯಿತು. ಮದುವೆ ಮಾಡಿಸಿಬಿಟ್ಟೆ.

ಅವರು ಚಪ್ಪಾಳೆ ತಟ್ಟಿದ್ದು ಅದಕ್ಕೆ.

ರದ್ದಿಯವನ ವಿಚಾರ ಓದಿದ ಮೇಲೆ ನಿಜ ಬರೆಯುವ ಧೈರ್ಯ ಬರಲಿಲ್ಲ. ನಿಮಗೆ ಉಳಿದದ್ದು ನಾವು ಹನ್ನೆರಡು ಜನ, ನಾವೂ ನಿಮ್ಮ ಕೊನೆಯನ್ನು ಕೇಳಿಯೇ ಇಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ವಿಷಯ. ಗುಂಡಿಯವರು ಆ ದಿನ ಏಳಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಬಂದು, "ಮೇಸ್ತ್ರಿ, ಇದು ನಿಮ್ಮತ್ತಿಗೆ ಬರೆದಿದ್ದಲ್ಲ. ಇನ್ನೂರು ಪುಟ ಒಬ್ಬಳೇ ನಡ್ಕೊಂಡು ಬಂದೋಳು, ಚಪ್ಪಲಿ ನೋಡಿ ಮದುವೆಗೆ ಒಪ್ತಾಳಾ?" ಎಂದರು. ನಾನು ತಲೆ ತಗ್ಗಿಸಿದೆ. ಯಾರಿಗೂ ಹೇಳುವುದಿಲ್ಲ ಎಂದು ಹೋದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ.

ತಪ್ಪಾಯಿತು ಅತ್ತಿಗೆ. ಟಿಕೆಟ್ ಹಿಂದಿರುಗಿಸುತ್ತೀರೇನೋ.

ಮೈದುನ


ಮೇ 25

ಪತ್ರ ತಲುಪಿತು. ಟಿಕೆಟ್ ಹಿಂದಿರುಗಿಸಿಲ್ಲ. ಬರುತ್ತಿರುವುದು ನಿನಗಾಗಿ ಅಲ್ಲ, ಗುಂಡಿಯವರಿಗಾಗಿ. ನಿಲ್ದಾಣಕ್ಕೆ ಬರಬೇಡ, ಗಾಡಿ ಇಳಿದು ದಾರಿ ಹುಡುಕುವುದು ನನಗೆ ಗೊತ್ತು.


ಜೂನ್ 4

ಪ್ರೀತಿಯ ಮೈದುನನಿಗೆ,

ಸುಖವಾಗಿ ತಲುಪಿದೆ. ನಾಲ್ಕು ದಿನ ನಿಮ್ಮ ಮನೆಯಲ್ಲಿದ್ದರೂ ನೀನು ತಲೆ ಎತ್ತಿ ಮಾತಾಡಲಿಲ್ಲ, ನಾನೂ ಬಿಗಿದುಕೊಂಡೇ ಇದ್ದೆ. ನನ್ನ ವಾರಗಿತ್ತಿ ಇಬ್ಬರ ನಡುವೆ ಉಪ್ಪು, ನೀರು ದಾಟಿಸಿ ಸುಸ್ತಾದಳು. ಅದಕ್ಕೇ ಈ ಪತ್ರ.

ಮೊದಲು ಕೋಪದ ಲೆಕ್ಕ. ನಿನ್ನ ಪತ್ರ ಓದಿದ ದಿನ ಅತ್ತುಬಿಟ್ಟೆ. ನನ್ನ ಮಾತಿಗೆ ಬಂತೆಂದುಕೊಂಡ ಚಪ್ಪಾಳೆ ಚಪ್ಪಲಿಗೆ ಬಂದದ್ದು ಎಂದು ತಿಳಿದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ಆದರೆ ಗಾಡಿಯಲ್ಲಿ ಕುಳಿತು ಯೋಚಿಸಿದೆ. ನೀನು ನನ್ನ ಮಾನ ಕಾಯಲು ಹೋಗಿ ನಿನ್ನ ನಿದ್ದೆ ಕಳೆದುಕೊಂಡವನು. ನಿನ್ನ ಮೇಲೆ ಕೋಪ ಉಳಿದಿಲ್ಲ. ಹೊಟ್ಟೆಕಿಚ್ಚು ಸ್ವಲ್ಪ ಉಳಿದಿದೆ. ಎಡಗಾಲಿನ ಚಪ್ಪಲಿ ನನಗೆ ಯಾಕೆ ಹೊಳೆಯಲಿಲ್ಲ?

ಇನ್ನು ಆ ದಿನ ಹೊಲಿಗೆ ಕೋಣೆಯಲ್ಲಿ ನಡೆದದ್ದು. ಕಡ್ಡಿ ಎಣಿಸುತ್ತೇನೆಂದು ನೀನು ಗೋದಾಮಿಗೆ ಹೋಗಿ ಅಡಗಿದೆ. ಆಮೇಲೆ ಏನಾಯಿತೆಂದು ಯಾರನ್ನೂ ಕೇಳುವ ಮುಖವಿಲ್ಲದೆ ಒದ್ದಾಡುತ್ತಿರುತ್ತೀಯ, ನನಗೆ ಗೊತ್ತು.

ಮೈಕಿಲ್ಲ, ಹೂವಿಲ್ಲ, ಕುರ್ಚಿಯೂ ಇಲ್ಲ. ಮೇಜಿನ ತುದಿಯಲ್ಲಿ ನಿಂತೆ. ಇರುವ ವಿಷಯ ಹೇಳಿದೆ: ಮೇಸ್ತ್ರಿಯ ಪುಸ್ತಕದಲ್ಲಿ ಹದಿನಾರು ಪುಟ ಇರಲಿಲ್ಲ, ಅವರು ನನಗಾಗಿ ಕಥೆ ಕಟ್ಟಿದರು, ಈಗ ನಾನು ಬರೆದದ್ದನ್ನು ಕೇಳಿ. ಹಿಡಿ ಜೋಡಿಸುವವಳು "ಹಾಗಾದ್ರೆ ಮದುವೆ ಆಗಿಲ್ವಾ?" ಎಂದು ಮುಖ ಬಾಡಿಸಿಕೊಂಡಳು. ಆಮೇಲೆ ಯಾರೋ ಕಿಸಕ್ಕೆಂದರು, ಇಡೀ ಮೇಜು ನಕ್ಕಿತು. ಗೋದಾಮಿನವರೆಗೆ ಕೇಳಿಸಿರಬೇಕು.

ಓದಿದೆ. ನೀನು ಇನ್ನೂ ಓದಿಲ್ಲವಲ್ಲ, ನಿನಗೂ ಹೇಳುತ್ತೇನೆ. ಪೆಟ್ಟಿಗೆ ಖಾಲಿ. ಬಾಗಿಲು ತೆರೆಯುವವನು ಒಬ್ಬ ಮುದುಕ. ಬರಿಗೈಲಿ ನಿಲ್ದಾಣದ ಬೆಂಚಿನ ಮೇಲೆ ಕುಳಿತರೆ ಎಬ್ಬಿಸಿ ಕಳಿಸುತ್ತಾರೆ, ಪಕ್ಕದಲ್ಲಿ ಪೆಟ್ಟಿಗೆಯಿದ್ದರೆ ಗಾಡಿಗೆ ಕಾಯುತ್ತಿದ್ದಾನೆ ಎಂದು ಸುಮ್ಮನಿರುತ್ತಾರೆ. ಹೋಗಿ ಬರುವ ಜನರ ನಡುವೆ ಸ್ವಲ್ಪ ಹೊತ್ತು ಕೂರಲು ಅವನಿಗೆ ಆ ಪೆಟ್ಟಿಗೆ ಬೇಕಿತ್ತು. ಗಾಜಿನ ಕೋಣೆಯಿಂದ ಅಂಥವರನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಒಮ್ಮೆಯೂ ಮೆಟ್ಟಿಲಿಳಿದು ಹೋಗಿ ಮಾತಾಡಿಸಲಿಲ್ಲ. ಕಥೆಯಲ್ಲಿ ಗುಮಾಸ್ತೆ ಪೆಟ್ಟಿಗೆ ಒಪ್ಪಿಸುತ್ತಾಳೆ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾಳೆ, ಸಂಜೆಯ ಗಾಡಿಗೆ ಹಿಂದಿರುಗುತ್ತಾಳೆ. ಅಲ್ಲಿಗೆ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಗುಂಡಿಯವರು ಬಾಯಿಬಿಟ್ಟರು.

"ಪೆಟ್ಟಿಗೆ ಖಾಲಿ, ಸರಿ. ಮುದುಕ, ಸರಿ. ಆದ್ರೆ ಸಹಿ ಹಾಕಿಸ್ಕೊಂಡು ವಾಪಸ್ ಹೋದ್ಲು ಅಂದ್ರಲ್ಲ, ಅದು ಸುಳ್ಳು."

"ಸುಳ್ಳಾ? ಬರೆದವಳು ನಾನಮ್ಮಾ!" ಎಂದೆ. ಸಿಟ್ಟೇ ಬಂದಿತ್ತು.

"ಮೇಸ್ತ್ರಿ ಮದುವೆ ಮಾಡಿಸಿದ್ರು, ಅದೂ ಸುಳ್ಳು. ನೀವು ಗಾಡಿ ಹತ್ತಿಸಿದ್ರಿ, ಇದೂ ಸುಳ್ಳು. ಅವಳು ಅವನ ಜೊತೆ ಹೋಗಿ ಆ ಬೆಂಚಿನ ಮೇಲೆ ಒಂದು ಗಳಿಗೆ ಕೂತ್ಕೋತಾಳೆ. ಕೂರದೆ ಬರೋಳಲ್ಲ ಅವಳು."

"ನಿಮಗೆ ಹೇಗೆ ಗೊತ್ತು?"

ಅವರು ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ ಹೇಳಿದರು: "ಬರೆದಿದ್ದು ನೀವೇ, ಯಾರು ಇಲ್ಲ ಅಂದ್ರು? ಆದ್ರೆ ಒಂದೂವರೆ ತಿಂಗಳು ಅವಳನ್ನ ಸಾಕಿದ್ದು ನಾವು."

ಕಿಟಕಿ ಬದಿಯವರು ಹೌದು ಹೌದು ಎಂದರು, ಗೋಡೆ ಬದಿಯವರು ಇಲ್ಲ, ಗಾಡಿ ತಪ್ಪುತ್ತದೆ ಎಂದರು. ಅವರವರಲ್ಲೇ ಜಗಳ ಹತ್ತಿತು. ನನ್ನನ್ನು ಮರೆತೇಬಿಟ್ಟರು. ನಾನು ಪುಸ್ತಕ ಹಿಡಿದುಕೊಂಡು ಮೂಲೆಯಲ್ಲಿ ನಿಂತು, ನಾನು ಹುಟ್ಟಿಸಿದವಳಿಗಾಗಿ ಹನ್ನೊಂದು ಜನ ಕಿತ್ತಾಡುವುದನ್ನು ಕೇಳಿದೆ. ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ.

ಅವರು ಹೇಳಿದ್ದೇ ಸರಿ ಕಣೋ. ಮೆಟ್ಟಿಲಿಳಿಯದವಳು ನಾನು, ಅವಳಲ್ಲ. ನಾನು ನನ್ನ ಕೊನೆಯನ್ನು ಅವಳಿಗೆ ಬರೆದುಬಿಟ್ಟಿದ್ದೆ.

ಮುದ್ರಣಾಲಯದವರನ್ನು ಕಂಡು ಬಂದೆ. ಕೊನೆಯ ಹದಿನಾರು ಪುಟಗಳನ್ನಷ್ಟೇ ಹೊಸದಾಗಿ ಅಚ್ಚು ಮಾಡಿ, ಉಳಿದ ಪ್ರತಿಗಳಲ್ಲಿ ಹಳೆಯವನ್ನು ತೆಗೆದು ಸೇರಿಸಿ ಕಟ್ಟಿಕೊಡುತ್ತಾರಂತೆ. ಎಣಿಸಿ ಹೊಲಿಯಿರಿ ಎಂದು ನಿಮ್ಮಣ್ಣ ಅಲ್ಲೇ ನಿಂತು ಪಾಠ ಮಾಡಿದರು. ಮೂರು ದಿನದಿಂದ ಬರೆಯುತ್ತಿದ್ದೇನೆ. ಗುಮಾಸ್ತೆಯನ್ನು ಬೆಂಚಿನ ಮೇಲೆ ಮುದುಕನ ಪಕ್ಕ ಕೂರಿಸಿದ್ದೇನೆ. ಸಂಜೆಯ ಗಾಡಿ ಹೋಯಿತು, ಅವಳು ಏಳುತ್ತಿಲ್ಲ. ಗುಂಡಿಯವರನ್ನು ಕೇಳಿ ಬೇಗ ಬರಿ, ಇನ್ನೂ ಎಷ್ಟು ಹೊತ್ತು ಕೂರುತ್ತಾಳಂತೆ?

ಅತ್ತಿಗೆ